ಕಮಲಾ ಅಕ್ಕೋರ ಒಡಪಿನ ಪಾಠ

ಕಮಲಾ ಅಕ್ಕೋರು ಎದುರಿಗೆ ಸಿಕ್ಕವರನ್ನು "ಊಟ ಆತೇನು?" ಎಂದು ಕೇಳಿದ್ದನ್ನು ನಾನು ಕಂಡೇ ಇಲ್ಲ. ಅವರು ಕೇಳುತ್ತಿದ್ದದ್ದು ಇಷ್ಟೇ: "ನೀರ ಕುಡದ್ಯೇನು? ಹೋಗಿ ಬಂದ್ಯೇನು? ಯಾವ ಬಣ್ಣ ಇತ್ತು?" ಅದನ್ನೂ ಕಿವಿಯಲ್ಲಿ ಪಿಸುಗುಟ್ಟಿ ಕೇಳುವ ಪೈಕಿ ಅಲ್ಲ. ಕುಂದಗೋಳದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಕೇಳುವರು, ಬಸ್‌ಸ್ಟ್ಯಾಂಡಿನಲ್ಲಿ ಕೇಳುವರು, ಮದುವೆಯ ಪಂಕ್ತಿಯಲ್ಲಿ ಬಾಜೂಕ ಕೂತವಳನ್ನು ಹೋಳಿಗೆ ಮುರಿಯುತ್ತ ಕೇಳುವರು. ಕೇಳಿಸಿಕೊಂಡವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡರೆ, "ಮುಖ ಯಾಕ ಮುಚ್ಚತೀ ಬೇ, ನಾ ಕೇಳಿದ್ದು ಮುಖದ ಸುದ್ದಿ ಅಲ್ಲ" ಎಂದು ಇನ್ನಷ್ಟು ಗಟ್ಟಿಯಾಗಿ ಹೇಳುವರು. ಅವರ ದನಿಯೋ, ದೇವರು ಅದನ್ನು ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಲೆಂದು ಮಾಡಿ ತಪ್ಪಿ ಪಾಠದ ಕೋಣೆಗೆ ಕಳಿಸಿದ್ದ.

ಗಿಡ್ಡ ಆಳು. ತುಂಬಿದ ಮೈ. ಹಣೆಯಲ್ಲಿ ವಿಭೂತಿ, ಕಾಲಲ್ಲಿ ಗಂಡಸರ ಚಪ್ಪಲಿ, ಹೆಗಲಲ್ಲಿ ಒಂದು ಚೀಲ. ಚೀಲದಲ್ಲಿ ಸದಾ ತುಂಬಿದ ನೀರಿನ ಬಾಟಲಿ. ಅದು ತಮಗೆಂದು ಅಲ್ಲ, ಎದುರಿಗೆ ಬಂದವರಿಗೆ ಒತ್ತಾಯ ಮಾಡಿ ಕುಡಿಸಲೆಂದು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದರ ವಾರ್ಡಿನಲ್ಲಿ ಬಹಳ ಕಾಲ ನರ್ಸ್ ಆಗಿ ದುಡಿದು, ಆಮೇಲೆ ಕುಂದಗೋಳದ ಒಂದು ಸಣ್ಣ ನರ್ಸಿಂಗ್ ಶಾಲೆಗೆ ಪಾಠ ಹೇಳಲು ಬಂದಿದ್ದರು. ನಾನು ಯರಗುಪ್ಪಿಯ ಹುಡುಗಿ, ಮೊದಲಿನಿಂದಲೂ ಕನ್ನಡ ಶಾಲೆಯಲ್ಲಿ ಓದಿದವಳು, ಪಿಯುಸಿ ಮುಗಿಸಿ ಅದೇ ನರ್ಸಿಂಗ್ ಶಾಲೆಗೆ ಸೇರಿದೆ. ಅಲ್ಲಿ ಉಳಿದವರಿಗೆಲ್ಲ ಮೇಡಂ, ಸಿಸ್ಟರ್ ಎನ್ನುತ್ತಿದ್ದೆವು. ಇವರಿಗೆ ಮಾತ್ರ ಯಾಕೋ ಮೊದಲ ದಿನದಿಂದಲೂ ಅಕ್ಕೋರು ಎಂದೇ ಬಾಯಿಗೆ ಬಂತು.

ಮೊದಲ ಪಾಠವೇ ಮೂತ್ರದ ಅಂಗಗಳದ್ದು. ಬೋರ್ಡಿನ ಮೇಲೆ ಅವರೆಕಾಳಿನಂಥವು ಎರಡು ಬರೆದರು, ಅವುಗಳಿಂದ ಎರಡು ಕೊಳವೆ ಇಳಿಸಿದರು, ಕೆಳಗೊಂದು ಚೀಲ, ಚೀಲಕ್ಕೊಂದು ಬಾಯಿ. ತಿರುಗಿ ನಿಂತು ಕೇಳಿದರು, "ಇದೆಲ್ಲಾ ಕೂಡಿ ಏನ ಮಾಡ್ತೈತಿ?"

ಮುಂದಿನ ಸಾಲಿನ ಒಬ್ಬಳು ಎದ್ದು, "ಮೂತ್ರವಿಸರ್ಜನೆ ರೀ" ಎಂದಳು.

"ಅದು ಪುಸ್ತಕದ ಮಾತಾತು. ನಿಮ್ಮ ಮನ್ಯಾಗ ಏನಂತೀರಿ?"

ನಾವೆಲ್ಲ ನೆಲ ನೋಡುತ್ತ ಕೂತೆವು. ಅಕ್ಕೋರು ತಾವೇ ಬೆರಳು ಮಡಿಚುತ್ತ ಹೋದರು. "ಒಂದಕ್ಕ ಅಂತೀರಿ. ಕಾಲ್ಮಡಿ ಅಂತೀರಿ. ಹೊರಗ ಹೋಗಿ ಬರ್ತೀನಿ ಅಂತೀರಿ. ಗಂಡಿನ ಮನ್ಯಾಗ ಅದನ್ನೂ ಅನ್ನೂದಿಲ್ಲ, ಬರೇ ಎದ್ದು ಹೋಗ್ತೀರಿ. ಇವತ್ತ ಒಂದ್ಸಲ ಎಲ್ಲಾರೂ ಉಚ್ಚಿ ಅನ್ರಿ."

ನಗು ತಡೆಯಲಾರದೆ ನಾವು ಒಬ್ಬರ ಬೆನ್ನಿಗೆ ಒಬ್ಬರು ಮುಖ ಮರೆಮಾಡಿದೆವು. ಅಕ್ಕೋರು ಬಿಡಬೇಕಲ್ಲ. ಮಗ್ಗಿ ಹೇಳಿಸಿದ ಹಾಗೆ ಹೇಳಿಸಿಯೇ ಹೇಳಿಸಿದರು. ಇಡೀ ಕ್ಲಾಸು ಒಂದೇ ದನಿಯಲ್ಲಿ ಆ ಮಾತನ್ನು ಕೂಗಿದಾಗ ಶಾಲೆಯ ಸಿಪಾಯಿ ಬಾಗಿಲಲ್ಲಿ ಇಣುಕಿ, ನಮ್ಮನ್ನೂ ಅಕ್ಕೋರನ್ನೂ ನೋಡಿ, ಏನೂ ಕೇಳದೆ ಹಿಂದಕ್ಕೆ ಸರಿದ. ಅಕ್ಕೋರು ನಗಲಿಲ್ಲ. "ಹೆಸರ ಹೇಳಾಕ ನಾಚೋ ಜಡ್ಡಿಗೆ ನಾ ಎಲ್ಲಿಂದ ಔಷಧ ಕೊಡ್ಲಿ? ನೀವ ನಾಚಿದ್ರ ಪೇಶಂಟ್ ಸತ್ತಂಗ, ತಿಳೀತೇನು" ಎಂದು ಡಸ್ಟರ್ ಎತ್ತಿಕೊಂಡರು.

ಉಚ್ಚಿ ಅನ್ನುವುದೇನೋ ಬಂತು. ಮುಂದಿನದು ಇಂಗ್ಲೀಷು. ಅಕ್ಕೋರು ಕೊಟ್ಟ ಪುಸ್ತಕದಲ್ಲಿ ಗ್ಲೊಮೆರುಲೋನೆಫ್ರೈಟಿಸ್ ಎನ್ನುವ ಪದ ನೋಡಿ ನನ್ನ ಬೆಂಚಿನ ಗೆಳತಿ ಪುಸ್ತಕ ಮುಚ್ಚಿ ಅದಕ್ಕೆ ಕೈಮುಗಿದಳು. ಅಂಥ ಪದಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಊರಿಗೆ ಹೋಗಿ ಮೆಣಸಿನಕಾಯಿ ತೊಟ್ಟು ಮುರಿಯುವುದೇ ವಾಸಿ ಎಂದು ನನಗೆ ಅನ್ನಿಸಿತ್ತು. ಅಕ್ಕೋರಿಗೆ ಇದು ಹೊಸದಲ್ಲ. "ಪದ ಉದ್ದ ಐತಿ ಅಂತ ಅಂಜಬ್ಯಾಡ್ರಿ. ಹಿಂದಿನ ತುದಿ ಹಿಡೀರಿ. ಅದು ಅಡ್ಡಹೆಸರು" ಎಂದರು.

ನಮ್ಮ ಕಡೆ ಮನೆತನದ ಅಡ್ಡಹೆಸರಿಗೇನು ಬರವೇ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹಿಟ್ಟಿನ ಎಂದರೆ ಸಾಕು, ಯಾವ ಓಣಿ, ಯಾವ ಮನೆ, ಯಾರ ಬೀಗರು ಎಲ್ಲವೂ ಬಯಲಾಗುತ್ತದೆ. ಅಕ್ಕೋರು ಆ ಪದಗಳನ್ನೂ ಹಾಗೆಯೇ ಓಣಿಗೊಂದು ಮನೆ ಕಟ್ಟಿ ಕೂರಿಸಿದರು. "ಐಟಿಸ್ ಅನ್ನೂ ಮನೆತನದವರಿಗೆಲ್ಲಾ ಬಾವು ಬಂದಿರ್ತೈತಿ. ಲಿಥ್ ಅಂದ್ರ ಕಲ್ಲಿನವರು. ಯೂರಿಯಾ ಅಂದ್ರ ಉಚ್ಚಿ ಮನೆತನ. ಮುಂದ ಇರೂದು ಅವರವರ ಸ್ವಂತ ಹೆಸರು. ನೆಫ್ರೋ ಅಂದ್ರ ಕಿಡ್ನಿ, ಸಿಸ್ಟ್ ಅಂದ್ರ ಚೀಲ. ಈಗ ಹೇಳ್ರಿ, ನೆಫ್ರೈಟಿಸ್ ಮನಿ ಬಾಗಲಾ ಬಡದ್ರ ಯಾರ ಹೊರಗ ಬರ್ತಾರ?"

"ಕಿಡ್ನಿಗೆ ಬಾವು ಬಂದಾಕಿ ರೀ."

"ಹಾಂ. ಇಷ್ಟ ಐತಿ ಎಲ್ಲಾ."

ಯೂರಿಯಾ ಎಂದರೆ ನಮಗೆ ಗೊತ್ತಿದ್ದದ್ದು ಸೊಸೈಟಿಯ ಮುಂದೆ ಸಾಲು ಹಚ್ಚಿ ಅಪ್ಪ ತರುತ್ತಿದ್ದ ಗೊಬ್ಬರ. ಹಿಂದಿನ ಬೆಂಚಿನಿಂದ ಒಬ್ಬಳು ಅದನ್ನು ಕೇಳಿಯೇಬಿಟ್ಟಳು. ಅಕ್ಕೋರಿಗೆ ಸಿಟ್ಟು ಬರಲಿಲ್ಲ. "ಅದೂ ಇದೂ ಅಣ್ಣತಮ್ಮಂದಿರ ಮಕ್ಕಳಾ. ನಿಮ್ಮಪ್ಪ ಹೊಲಕ್ಕ ಹಾಕೂದು, ನಿಮ್ಮ ಮೈ ಹೊರಗ ಹಾಕೂದು" ಎಂದು, ಅದೇ ಓಘದಲ್ಲಿ ಆ ಮನೆತನದ ಹೆಣ್ಣುಮಕ್ಕಳನ್ನೆಲ್ಲ ಕರೆದು ನಿಲ್ಲಿಸಿದರು. ಕೊಡಗಟ್ಟಲೆ ಹೋಗುವವಳು ಪಾಲಿಯೂರಿಯಾ. ಹನಿಹನಿ ಹೋಗುವವಳು ಒಲಿಗ್ಯೂರಿಯಾ. ಪೂರ್ತಿ ನಿಂತೇಹೋದವಳು ಅನ್ಯೂರಿಯಾ. ಉರಿಯುತ್ತದೆ ಎಂದು ಹಲ್ಲು ಕಚ್ಚುವವಳು ಡಿಸ್ಯೂರಿಯಾ. ರಕ್ತ ಕಂಡವಳು ಹಿಮಟ್ಯೂರಿಯಾ. ಇವತ್ತಿಗೂ ಡಾಕ್ಟರು ಕೇಸ್‌ಪೇಪರಿನಲ್ಲಿ ಅಂಥ ಪದ ಬರೆದರೆ ನನ್ನ ಕಣ್ಣೆದುರು ಸೆರಗು ಹೊತ್ತ ಅಕ್ಕತಂಗಿಯರು ಸಾಲಾಗಿ ಬಂದು ನಿಲ್ಲುತ್ತಾರೆ.

ಅಷ್ಟಕ್ಕೂ ನೆನಪಿನಲ್ಲಿ ನಿಲ್ಲದ ಪದಗಳಿಗೆ ಅಕ್ಕೋರ ಹತ್ತಿರ ಇನ್ನೊಂದು ಉಪಾಯ ಇತ್ತು. ಒಡಪು. ನಮ್ಮ ಸೀಮೆಯ ಹೆಂಗಸು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ, ಹೊಸ್ತಿಲಲ್ಲಿ ದಾರಿ ಅಡ್ಡಗಟ್ಟಿ ಕೇಳಿದಾಗ ಪ್ರಾಸ ಕಟ್ಟಿ, ಮೊದಲ ಸಾಲಿನಲ್ಲಿ ಹೂವೋ ಹಣ್ಣೋ ಇಟ್ಟು, ಕಡೆಯ ಸಾಲಿನಲ್ಲಿ ಹೆಸರನ್ನು ಮೆಲ್ಲಗೆ ಜಾರಿಸಿಬಿಡುತ್ತಾಳೆ. ನಾಚಿಕೆಯೂ ಉಳಿಯುತ್ತದೆ, ಹೆಸರೂ ಬರುತ್ತದೆ. ಅಕ್ಕೋರು ಗಂಡನ ಜಾಗದಲ್ಲಿ ಜಡ್ಡನ್ನು ಕೂರಿಸಿದರು.

"ಕೆರಿ ಏರಿ ಮ್ಯಾಲ ಎಳ್ಳಿನ ಹೂವು,
ಸಿಸ್ಟೈಟಿಸ್ ಅಂದ್ರ ಚೀಲದ ಬಾವು."

ಯುರೆಟರ್ ಯಾವುದು, ಯುರೆತ್ರಾ ಯಾವುದು ಎನ್ನುವುದರಲ್ಲಿ ಎಲ್ಲರೂ ಎಡವುತ್ತಿದ್ದೆವು. ಅದಕ್ಕೂ ಒಂದು.

"ಯುರೆಟರ್ ಎರಡು, ಕಿಡ್ನಿಯಿಂದ ಚೀಲಕ್ಕ ಬರ್ತಾವ ಓಡಿ,
ಯುರೆತ್ರಾ ಒಂದ, ಹೊರಗ ಬಿಡ್ತೈತಿ ಬಾಗಲಾ ನೋಡಿ."

ಪರೀಕ್ಷೆಯ ದಿನ ಹೊರಗಿನಿಂದ ಬಂದ ಮೇಲ್ವಿಚಾರಕರು ಕೋಣೆಯ ತುಂಬ ಗುಂಯ್‌ಗುಟ್ಟುವುದನ್ನು ಕೇಳಿ ಗಾಬರಿಯಾದರು. ಪ್ರತಿ ಬೆಂಚಿನಲ್ಲೂ ಒಬ್ಬಳು ತುಟಿ ಅಲ್ಲಾಡಿಸುತ್ತ ಯಾರದೋ ಮದುವೆಯಲ್ಲಿ ಕೂತಂತೆ ಕೂತಿದ್ದಳು. "ಕಾಪಿ ಅಲ್ಲರಿ ಸರ್, ಒಡಪು" ಎಂದು ನನ್ನ ಗೆಳತಿ ಹೇಳಿದ್ದು ಅವರಿಗೆ ಏನು ತಿಳಿಯಿತೋ ಯಾರಿಗೆ ಗೊತ್ತು. ಆ ವರ್ಷ ಆ ವಿಷಯದಲ್ಲಿ ನಮ್ಮಲ್ಲಿ ಯಾರೂ ಫೇಲಾಗಲಿಲ್ಲ.

ಅಕ್ಕೋರ ಜೊತೆ ಬಸ್ಸಿನಲ್ಲಿ ಹೋಗುವುದೇ ಒಂದು ತಮಾಷೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಬಸ್ಸಿನ ತುಂಬ ನಾವೇ ನಾವು. ಒಮ್ಮೆ ಯಮನೂರಿನ ಕಡೆ ಒಂದು ಆರೋಗ್ಯ ಶಿಬಿರಕ್ಕೆ ಹೊರಟಿದ್ದೆವು. ದಾರಿಯಲ್ಲಿ ಒಬ್ಬ ಮುದುಕಿ ಸೀಟಿನಲ್ಲಿ ಹಿಂದೆ ಮುಂದೆ ಸರಿದಾಡುವುದನ್ನು ಅಕ್ಕೋರು ಕಂಡರು. ಎದ್ದು ನಿಂತು, "ಕಂಡಕ್ಟರ್ ತಮ್ಮಾ, ಗಾಡಿ ನಿಲ್ಲಸಪಾ. ಹೆಣ್ಮಕ್ಕಳಿಗೆ ಉಚ್ಚಿ ಬಂದಾವು" ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಹುಡುಗರು ಕಿಸಕ್ಕನೆ ನಕ್ಕರು. ಮುದುಕಿ ತಲೆ ತಗ್ಗಿಸಿ ಇಳಿದಳು, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ನೋಡನೋಡುತ್ತ ಅರ್ಧ ಬಸ್ಸು ಖಾಲಿಯಾಯಿತು. ಅಷ್ಟು ಹೊತ್ತೂ ಇವರೆಲ್ಲ ಗಪ್‌ಚುಪ್ ಕೂತಿದ್ದರಲ್ಲ ಎಂದು ನನಗೆ ಸೋಜಿಗ. ಅಕ್ಕೋರು ಮುಂದಕ್ಕೆ ಹೋಗಿ ಡ್ರೈವರನ ಭುಜ ತಟ್ಟಿ, "ತಮ್ಮಾ, ನೀನೂ ಇಳಿ. ಹೋಗಿ ಬಾ. ಬಸ್ಸೇನು ನಿನ್ನ ಬಿಟ್ಟು ಓಡಿ ಹೋಗೂದಿಲ್ಲ" ಎಂದರು. ಈ ಮಾತನ್ನು ಮಾತ್ರ ಅವರು ಮೆಲ್ಲಗೆ ಹೇಳಿದರು.

ಯಾಕೆ ಎನ್ನುವುದು ಹಿಮಟ್ಯೂರಿಯಾ ಪಾಠದ ದಿನ ತಿಳಿಯಿತು. ಅವತ್ತು ಬಣ್ಣಗಳ ಪಾಠ. "ಜ್ವಾಳದ ಕಡ್ಡಿ ಬಣ್ಣ ಇದ್ರ ಚಲೋ. ಬೆಲ್ಲದ ನೀರಿನ ಬಣ್ಣ ಬಂದ್ರ ನೀರ ಕುಡಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಬಂತಂದ್ರ ಇದ್ದ ಕೆಲಸ ಬಿಟ್ಟು ಓಡಿ ಬಾ" ಎಂದು ಹೇಳುತ್ತಿದ್ದವರು ನಡುವೆ ನಿಂತು, ಖುರ್ಚಿ ಎಳೆದುಕೊಂಡು ಕೂತರು. ಪಾಠ ಹೇಳುವಾಗ ಅವರು ಕೂತದ್ದನ್ನು ನಾವು ನೋಡಿರಲಿಲ್ಲ.

"ನಮ್ಮ ಮನಿಯವರು ಸರಕಾರಿ ಬಸ್ ಓಡಸ್ತಿದ್ರು. ಹುಬ್ಬಳ್ಳಿ ಕಲಘಟಗಿ ದಾರಿ. ತಾಸುಗಟ್ಟಲೆ ತಡದು ಕುಂದ್ರೂದು ಚಟಾ ಆಗಿತ್ತು. ಕೆಂಪು ಹೋಗಾಕ ಹತ್ತಿ ಭಾಳ ದಿನಾ ಆದಮ್ಯಾಲೂ ಬಾಯಿ ಬಿಡಲಿಲ್ಲ. ನಾ ವಾರ್ಡಿನ್ಯಾಗ ದಿನಾ ಮಂದಿ ಉಚ್ಚಿ ಬಾಟಲಿ ನೋಡಾಕಿ. ನನ್ನ ಬಾಜೂಕ ಮಲಗಿದ ಮನಷ್ಯಾ ನನಗ ಹೇಳಲಿಲ್ಲ. ಕೇಳಿದ್ರ, ಹೆಂಡ್ತಿಗೆ ಇದನ್ನೆಲ್ಲಾ ಹೆಂಗ ಹೇಳೂದು ಅಂದ್ರು. ಆಗ ಉಚ್ಚಿ ಚೀಲದಾಗಿನ ಕ್ಯಾನ್ಸರ್ ಗಂಟು ಎಲ್ಲಾ ಕಡೆ ಹಬ್ಬಿತ್ತು. ಉಳೀಲಿಲ್ಲ." ಇಷ್ಟು ಹೇಳಿ ಎದ್ದರು. "ನಾ ಯಾಕ ಹಿಂಗ ಒದರ್ತೀನಿ ಅಂತ ನಿಮಗ ತಿಳೀಲಿ ಅಂತ ಹೇಳಿದೆ. ಬರಕೋರಿ, ಹಿಮಟ್ಯೂರಿಯಾ." ನಾವು ಬರೆದುಕೊಂಡೆವು. ನನಗೆ ಅಕ್ಷರಗಳು ಮಂಜಾಗಿ ಕಂಡವು.

ಇನ್ನು ನಮ್ಮ ಅವ್ವನ ಕಥೆ. ಅವ್ವ ಗಂಗವ್ವ ಯರಗುಪ್ಪಿಯಲ್ಲಿ ಒಡಪಿಗೆ ಹೆಸರಾದವಳು. ಊರಲ್ಲಿ ಯಾರ ಮನೆಯ ಮದುವೆಯಾದರೂ ಹೊಸ್ತಿಲ ಮುಂದೆ ನಿಲ್ಲಲು ಅವಳೇ ಬೇಕು. "ಕರಿ ಹೊಲದಾಗ ಬಿಳಿ ಹತ್ತಿ ಅರಳೇತಿ, ಚನ್ನಪ್ಪನವರ ಹೆಸರ ಹೇಳಾಕ ನಾಲಿಗಿ ಹೊರಳೇತಿ" ಎಂದು ಅವಳು ಅಪ್ಪನ ಹೆಸರು ಹೇಳಿದರೆ ಎದುರಿಗೆ ಕೂತ ಅಪ್ಪ ಮೀಸೆ ತಿರುವುತ್ತ ಬೇರೆ ಕಡೆ ನೋಡುವನು. ಬೇರೆಯವರ ಒಡಪಿನಲ್ಲಿ ಪ್ರಾಸ ತಪ್ಪಿದರೆ ಅವ್ವನಿಗೆ ಅನ್ನದಲ್ಲಿ ಹರಳು ಸಿಕ್ಕಂತೆ. ಸುಮ್ಮನಿರಲಾರಳು.

ಇಂಥ ಅವ್ವ ತನ್ನ ಮೈಯ ಮಾತು ಬಂದರೆ ಮೂಕಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಓಣಿಯ ಹೆಂಗಸರೆಲ್ಲ ಬೆಳಿಗ್ಗೆ ಟಂಟಂ ಗಾಡಿ ಹತ್ತಿ ಹೊಲಕ್ಕೆ ಹೋದರೆ ಬರುವುದು ಸಂಜೆಗೆ. ನಮ್ಮ ಎರೆಹೊಲ ಎಂದರೆ ಕಣ್ಣು ಹಾಯುವ ತನಕ ಬಯಲು. ಒಂದು ಗಿಡ ಇಲ್ಲ, ಒಂದು ಮರೆ ಇಲ್ಲ. ಬದುವಿನ ಮೇಲೆ ಸದಾ ಯಾರಾದರೂ ಗಂಡಸರು ಓಡಾಡುತ್ತಿರುತ್ತಾರೆ. ಹಾಗಾಗಿ ಹೆಂಗಸರು ಮನೆ ಬಿಡುವಾಗಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುವರು. ನೀರು ಕುಡಿಯದಿದ್ದರೆ ಹೋಗುವ ತಾಪತ್ರಯ ಇಲ್ಲವಲ್ಲ. ಅವ್ವ ಹೀಗೆಯೇ ಎಷ್ಟೋ ಸುಗ್ಗಿ ಕಳೆದಿದ್ದಳು. ನಾನು ಓದುತ್ತಿದ್ದ ಆ ವರ್ಷ ಅವಳಿಗೆ ಮೇಲಿಂದ ಮೇಲೆ ಚಳಿಜ್ವರ. ಊರ ಡಾಕ್ಟರಿಗೆ "ಮೈ ಬೆಚ್ಚಗ ಆಗೈತ್ರಿ" ಎಂದಷ್ಟೇ ಹೇಳಿ ಸೂಜಿ ಮಾಡಿಸಿಕೊಂಡು ಬರುವಳು. ಎರಡು ದಿನಕ್ಕೆ ಇಳಿಯುವುದು, ಮತ್ತೆ ಏರುವುದು. ನಾನು ಕೇಳಿದರೆ, "ಹೊಲದ ಬಿಸಲಬೇ, ಏನಿಲ್ಲ" ಎನ್ನುವಳು.

ನರ್ಸಿಂಗ್ ಶಾಲೆಯ ಹಳ್ಳಿ ಭೇಟಿಯ ಸರದಿಯಲ್ಲಿ ಯರಗುಪ್ಪಿ ಬಂತು. ಅಕ್ಕೋರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತರು, ಓಣಿಯ ಹೆಂಗಸರು ಸುತ್ತ ಕೂತರು. ಅವ್ವ ಎಲ್ಲರಿಗೂ ನೀರು ಕೊಟ್ಟಳು. ಅಕ್ಕೋರು ತಮ್ಮ ಬಾಟಲಿಯನ್ನು ಅವಳ ಕೈಗೇ ಕೊಟ್ಟು "ನೀವೂ ಕುಡೀರಿ ಯಕ್ಕಾ" ಎಂದರು. ಅವ್ವ ಈಸಿಕೊಂಡಳು, ಪಕ್ಕಕ್ಕೆ ಇಟ್ಟಳು. ಕೂರುವಾಗ ಒಂದು ಕೈ ಬೆನ್ನಿನ ಬಲಬದಿಗೆ ಹೋಯಿತು. ಅಕ್ಕೋರು ನನ್ನನ್ನು ಹತ್ತಿರ ಕರೆದು, "ಲೇ ಶಾರಿ, ನಿಮ್ಮವ್ವ ಆರಾಮಿಲ್ಲ. ನೀರು ಕಂಡ್ರ ಹಾವು ಕಂಡಂಗ ಮಾಡ್ತಾಳ" ಎಂದರು. ನೇರ ಕೇಳಿದರೆ ಅವ್ವ ಸಾಯಲಿಕ್ಕೂ ತಯಾರು, ಹೇಳುವುದಿಲ್ಲ. ಅದು ನನಗೂ ಗೊತ್ತು, ಮುಖ ನೋಡಿದೊಡನೆ ಅಕ್ಕೋರಿಗೂ ಗೊತ್ತಾಗಿತ್ತು.

ಅಕ್ಕೋರು ಮಾತು ಬದಲಿಸಿ, "ನಿಮ್ಮೂರಾಗ ಒಡಪು ಭಾಳ ಚಲೋ ಹೇಳ್ತಾರಂತ, ನಾನೂ ಒಂದ ಹೇಳ್ತೀನಿ ಕೇಳ್ರಿ" ಎಂದು ಗಂಟಲು ಸರಿಮಾಡಿಕೊಂಡರು.

"ಮೆಣಸಿನಕಾಯಿ ಬಿಡಸಾಕ ಹೋಗ್ಯಾರ ಹೊಲಕ್ಕ,
ನೀರ ಕುಡೀಲಿಲ್ಲಂದ್ರ ಕಿಡ್ನಿಗೆ ತ್ರಾಸ ಆಗ್ತೈತ್ರಿ."

ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ಬೆರಗಾದೆ. ಪ್ರಾಸವಿಲ್ಲದೆ ಉಸಿರೂ ಬಿಡದ ಅಕ್ಕೋರು ಇದೇನು ಕುಂಟು ಒಡಪು ಹೇಳಿದರು ಎಂದು. ಅವ್ವ ಒಂದು ಕ್ಷಣ ತಡೆದಳು. ಆಮೇಲೆ ತಡೆಯಲಾಗಲಿಲ್ಲ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಅದಕ್ಕ ಒಡಪು ಅನ್ನೂದಿಲ್ರಿ. ತೆಲಿ ಒಂದ ಕಡೆ, ಬಾಲ ಒಂದ ಕಡೆ."

"ಹೌದೇನ್ರಿ? ಹಂಗಾರ ನೀವ ಸರಿ ಮಾಡಿ ಕೊಡ್ರಿ. ಮೆಣಸಿನಕಾಯಿನೂ ಬರಬೇಕು, ಕಾಲ್ಮಡಿನೂ ಬರಬೇಕು, ನಿಮ್ಮ ಮನಿಯವರ ಹೆಸರೂ ಬರಬೇಕು. ಬಗೀಹರೀತೈತೇನು?"

ಕೆಣಕಿದ್ದು ಯಾರನ್ನು. ಅವ್ವ ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ ತುಸು ಹೊತ್ತು ಕೂತಳು. ಓಣಿಯೆಲ್ಲ ಕಾಯುತ್ತಿತ್ತು. ಆಮೇಲೆ ಸರಾಗವಾಗಿ ಹೇಳಿದಳು.

"ಬುಟ್ಟಿ ತುಂಬ ಬಿಡಿಸೀನಿ ಬ್ಯಾಡಗಿ ಕಾಯಿ,
ಕಾಲ್ಮಡಿ ಉರದು ಕೆಂಪಾದ್ರೂ ತೆರೀಲಿಲ್ಲ ಬಾಯಿ,
ಚನ್ನಪ್ಪನವರಿಗೂ ಗೊತ್ತಿಲ್ಲ, ಬಲ್ಲಾಕಿ ಯಲ್ಲಮ್ಮ ತಾಯಿ."

ಹೆಂಗಸರು ಚಪ್ಪಾಳೆ ಹೊಡೆದು ನಕ್ಕರು. ನಕ್ಕವರು ಒಬ್ಬೊಬ್ಬರಾಗಿ ಸುಮ್ಮನಾದರು. ಅವ್ವ ಕಣ್ಣು ತೆರೆದು ಎಲ್ಲರನ್ನೂ ನೋಡಿದಳು, ತಾನೇನು ಹೇಳಿದೆ ಎನ್ನುವುದು ಆಗ ಹೊಳೆದು ಬಾಯಿಗೆ ಸೆರಗು ಒತ್ತಿದಳು. ಅಕ್ಕೋರು ಕಟ್ಟೆಯಿಂದ ಇಳಿದು ಅವಳ ಬಾಜೂಕ ಕೂತು, ಅದೇ ದೊಡ್ಡ ದನಿಯನ್ನು ಎಲ್ಲಿ ಬಚ್ಚಿಟ್ಟರೋ, "ಯಾವಾಗಿಂದ ಕೆಂಪು ಹೋಗಾಕತ್ತೈತಿ ಯಕ್ಕಾ?" ಎಂದು ಕೇಳಿದರು. ಅವ್ವ ಅತ್ತಳು. ಅತ್ತು, ಎಲ್ಲವನ್ನೂ ಹೇಳಿದಳು. ಅವಳ ಹಿಂದೆಯೇ ಇನ್ನೊಬ್ಬಳು, "ಅಕ್ಕೋರ, ನಂದೂ ಒಂದ ಒಡಪು ಐತ್ರಿ" ಎಂದಳು. ಸಂಜೆಯ ತನಕ ನಮ್ಮ ಕಟ್ಟೆಯ ಮೇಲೆ ಒಡಪುಗಳೇ ಒಡಪುಗಳು. ಪ್ರಾಸ ತಪ್ಪಿದ್ದನ್ನು ಅವ್ವ ಅಳುತ್ತಲೇ ತಿದ್ದಿದಳು.

ಹಿಂದಿರುಗುವಾಗ ಅಕ್ಕೋರನ್ನು ಕೇಳಿದೆ, ಬೇಕಂತಲೇ ಕೆಟ್ಟ ಒಡಪು ಹೇಳಿದಿರಾ ಎಂದು. "ಚಲೋ ಒಡಪು ಹೇಳಿದ್ರ ಚಪ್ಪಾಳಿ ಹೊಡದು ಎದ್ದು ಹೋಗ್ತಾರ. ಕೆಟ್ಟದ್ದು ಹೇಳಿದ್ರ ಬಾಯಿ ತಗೀತಾರ" ಎಂದು ನಕ್ಕರು.

ಮರುದಿನ ಅವ್ವ ತಪಾಸಣೆಗೆಂದು ಕುಂದಗೋಳಕ್ಕೆ ಬಂದಳು. ಉಚ್ಚಿ ತುಂಬಿದ ಬಾಟಲಿಯನ್ನು ಕೈಯಲ್ಲಿ ಹಿಡಿದು ಬರುವುದು ಹೇಗೆ ಎಂದು ಯೋಚಿಸಿ, ಬುತ್ತಿಡಬ್ಬಿಯೊಳಗೆ ಇಟ್ಟು, ಮೇಲೊಂದು ವಸ್ತ್ರ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಳಂತೆ. ಬಾಜೂಕ ಕೂತ ಹೆಂಗಸು, "ಮಗಳಿಗೆ ಬುತ್ತಿ ಒಯ್ಯಾಕತ್ತೀರೇನ್ರಿ? ಏನ ಪಲ್ಯ?" ಎಂದು ಕೇಳಿದಳಂತೆ. "ಸಾರು ರೀ" ಎಂದಳಂತೆ ನಮ್ಮವ್ವ. ಇದನ್ನು ಕೇಳಿ ಅಕ್ಕೋರು ಲ್ಯಾಬಿನ ಮುಂದೆ ನಿಂತು ಎಷ್ಟು ನಕ್ಕರೆಂದರೆ, ಅವರಿಗೇ ಆ ಹೊತ್ತಿನಲ್ಲಿ ಹೋಗಿ ಬರಬೇಕಾಯಿತು.

ಹುಬ್ಬಳ್ಳಿಯಲ್ಲಿ ಸ್ಕ್ಯಾನ್ ಆಯಿತು. ಡಾಕ್ಟರು ಯುರೆಟರಿಕ್ ಕ್ಯಾಲ್ಕ್ಯುಲಸ್, ಹೈಡ್ರೋನೆಫ್ರೋಸಿಸ್ ಎಂದರು. ಅವ್ವ ಅಕ್ಕೋರ ಮುಖ ನೋಡಿದಳು. "ಕಿಡ್ನಿಯಿಂದ ಚೀಲಕ್ಕ ಬರೋ ಕಾಲುವ್ಯಾಗ ಸಣ್ಣ ಕಲ್ಲಿನ ಹಳ್ಳ ಸಿಕ್ಕೊಂಡೈತಿ. ಮ್ಯಾಲ ನೀರು ನಿಂತು ಕಿಡ್ನಿ ಉಬ್ಬೇತಿ. ಇಷ್ಟ" ಎಂದರು ಅಕ್ಕೋರು. "ಹಳ್ಳ ತಗದ್ರ ನೀರು ಹರೀತೈತೇನ್ರಿ?" ಎಂದು ಅವ್ವ ಕೇಳಿದಳು. ಹರಿಯುತ್ತದೆ, ಇನ್ನೂ ತಡವಾಗಿದ್ದರೆ ಆ ಕಿಡ್ನಿ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪ ಗೋಡೆಗೆ ಒರಗಿ ನಿಂತಿದ್ದ. "ನನಗ ಹೇಳಬಾರದಾಗಿತ್ತೇನ?" ಎಂದ. ಅಕ್ಕೋರು ಕಿಟಕಿಯ ಕಡೆ ಮುಖ ಮಾಡಿದರು.

ದುರ್ಬೀನಿನ ನಳಿಕೆ ಒಳಗೆ ಇಳಿಸಿ ಹಳ್ಳ ತೆಗೆದರು. ಅವ್ವ ಉಳಿದಳು, ಅವಳ ಕಿಡ್ನಿಯೂ ಉಳಿಯಿತು. ಜೋಳದ ಕಾಳಿನಷ್ಟಿದ್ದ ಆ ಹಳ್ಳವನ್ನು ಸಣ್ಣ ಬಾಟಲಿಯಲ್ಲಿ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸಿದಳು, ಹಡೆದು ಬಂದವಳು ಮಗುವನ್ನು ತೋರಿಸಿದ ಹಾಗೆ. ಮುಂದಿನ ಸುಗ್ಗಿಗೆ ಹೊಲದ ಬದುವಿನಲ್ಲಿ ನಾಲ್ಕು ಗೂಟ ಹುಗಿಸಿ ಸುತ್ತಲೂ ಹಳೆಯ ಸೀರೆ ಕಟ್ಟಿಸಿದಳು. ನೀರು ಕುಡಿಯದವಳಿಗೆ ಟಂಟಂನಲ್ಲಿ ಜಾಗ ಇಲ್ಲ ಎಂದು ಸಾರಿದಳು. ಈಗ ನಮ್ಮ ಸುತ್ತಲಿನ ಹೊಲಗಳಲ್ಲಿ ಬಣ್ಣಬಣ್ಣದ ಸೀರೆಯ ಮರೆಗಳು ಗಾಳಿಗೆ ಪಟಪಟ ಅನ್ನುತ್ತವೆ. ಅಕ್ಕೋರು ಒಮ್ಮೆ ಬಂದು ಅದನ್ನು ನೋಡಿ, ಒಳಗೆ ಹೋಗಿ ಬಂದು, "ಅಗದಿ ಬೆಸ್ಟ್ ಐತಿ" ಎಂದು ಅವ್ವನ ಬೆನ್ನು ತಟ್ಟಿದರು. ಅಂದಿನಿಂದ ಅವರಿಬ್ಬರೂ ಅಕ್ಕತಂಗಿಯರು. ಫೋನಿನಲ್ಲಿ ಮೊದಲು ಬಣ್ಣ ಕೇಳಿ, ಆಮೇಲೆ ಊಟ ಕೇಳುವರು.

ನನಗೆ ನವಲಗುಂದದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅಣ್ಣಿಗೇರಿಯ ಕಡೆಯ ಹುಡುಗನ ಜೊತೆ ಮದುವೆ ಆಯಿತು. ಆ ಹೊತ್ತಿಗೆ ಅಕ್ಕೋರು ಕೆಲಸ ಬಿಟ್ಟು ಕಲಘಟಗಿಯ ಹತ್ತಿರ ತಮ್ಮನ ಮನೆಗೆ ಹೋಗಿ ನೆಲೆಸಿದ್ದರು. ಮುಂದಿನ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ ಎಂದು ಸುದ್ದಿ ಬಂತು. ಸುಖದ ಸಾವು ಎಂದರು ಎಲ್ಲರೂ. ನಾನು ವಾರ್ಡಿನಲ್ಲಿ ನಿಂತು ಅತ್ತೆ, ಮೂಗು ಒರೆಸಿಕೊಂಡು ಮುಂದಿನ ಮಂಚದವಳನ್ನು ಯಾವ ಬಣ್ಣ ಇತ್ತು ಎಂದು ಗಟ್ಟಿಯಾಗಿ ಕೇಳಿದೆ. ಮತ್ತೇನು ಮಾಡಲಿ. ಹಾಗಾಗಿ ನಾನು ಅವರನ್ನು ಕಡೆಯದಾಗಿ ನೋಡಿದ್ದು ನನ್ನ ಮದುವೆಯ ಮರುದಿನ, ಹೊಸ ಗಂಡನ ಜೊತೆ ನಾನು ತವರಿಗೆ ಬಂದಾಗ.

ಹೊಸ್ತಿಲಲ್ಲಿ ಅವ್ವ ಮತ್ತು ಓಣಿಯ ಹೆಂಗಸರು ದಾರಿ ಕಟ್ಟಿ ನಿಂತಿದ್ದರು. ನನ್ನ ಗಂಡ ಬೆವರುತ್ತ ಒಂದು ಒಡಪು ಹೇಳಿ ನನ್ನ ಹೆಸರು ಹೇಳಿದ. ನಾನೂ ಅವನ ಹೆಸರು ಹೇಳಿದೆ. ನಗು, ಕೂಗು, ನಾವು ಒಳಗೆ ಬಂದೆವು. ನಮ್ಮ ಹಿಂದೆ ಬಂದ ಜೋಡಿಗಳನ್ನೂ ಅವ್ವ ಬಿಡಲಿಲ್ಲ, ಒಬ್ಬೊಬ್ಬರ ಬಾಯಿಂದಲೂ ಹೆಸರು ಹೇಳಿಸಿದಳು. ಅಕ್ಕೋರು ಮಾತ್ರ ಅಂಗಳದ ಆಚೆ ಬೇವಿನ ಗಿಡದ ಕೆಳಗೆ ಒಬ್ಬರೇ ನಿಂತಿದ್ದರು. ಗಂಡನಿಲ್ಲದವಳು ಇಂಥ ಹೊತ್ತಿನಲ್ಲಿ ಹೊಸ್ತಿಲ ಹತ್ತಿರ ಬರಬಾರದು, ಅವಳಿಗೆ ಯಾರೂ ಹೆಸರು ಕೇಳುವುದೂ ಇಲ್ಲ. ಎಷ್ಟು ಮದುವೆಗಳಲ್ಲಿ ಅವರು ಹಾಗೆ ದೂರ ನಿಂತಿದ್ದರೋ. ಜಗತ್ತಿನ ಹೆಂಗಸರಿಂದೆಲ್ಲ ಒಡಪು ಹೇಳಿಸಿದ ಅಕ್ಕೋರು ತಮ್ಮ ಗಂಡನ ಹೆಸರು ಹೇಳಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ನಮಗೆ ಅವರ ಗಂಡ ಬರೀ "ನಮ್ಮ ಮನಿಯವರು".

ಅವ್ವ ಹೊಸ್ತಿಲಿಂದಲೇ ಕರೆದಳು. "ಅಕ್ಕೋರ, ಬರ್ರಿ ಇಲ್ಲೆ. ನೀವೊಬ್ರು ಉಳದೀರಿ. ಹೆಸರ ಹೇಳಿ ಒಳಗ ಬರ್ರಿ."

ನಗು ನಿಂತುಹೋಯಿತು. ಒಬ್ಬ ಹಿರಿಯಳು ಅವ್ವನ ತೋಳು ಜಗ್ಗಿ, "ಗಂಗವ್ವ, ಅವರನ್ನ ಕೇಳಬಾರದಬೇ. ಗಂಡ ಇಲ್ಲ ಅವರಿಗೆ" ಎಂದಳು.

"ಗಂಡ ಇಲ್ಲಂದ್ರ ಗಂಡನ ಹೆಸರೂ ಇಲ್ಲೇನ?" ಎಂದಳು ಅವ್ವ.

ಅಕ್ಕೋರು ಅಂಗಳ ದಾಟಿ ಬಂದರು. ಚಪ್ಪಲಿ ಬಿಟ್ಟರು. ಹೊಸ್ತಿಲ ಮುಂದೆ ನಿಂತರು. ಹೆಗಲ ಮೇಲಿನ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡರು, ಹೊಸ ಮದುವಣಗಿತ್ತಿಯ ಹಾಗೆ. ಅವರು ಸೆರಗು ಹೊದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ, ಮುಂದೆ ನಿಂತವರಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದರು.

"ಕಲಘಟಗಿ ತೊಟ್ಟಿಲಕ ಕೊಟ್ಟಾರ ಬಣ್ಣದ ಒಪ್ಪ,
ನೋವ ಹೇಳದ ಹೋದದ್ದೊಂದ ತಪ್ಪ,
ನಮ್ಮ ಮನಿಯವರ ಹೆಸರು ಫಕೀರಪ್ಪ."

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ದಾರಿ ಕಟ್ಟಿದ ಹೆಂಗಸರು ಕಣ್ಣು ಒರೆಸಿಕೊಳ್ಳುತ್ತ ಅಲ್ಲೇ ನಿಂತಿದ್ದರು. ಅಕ್ಕೋರು ನಗುತ್ತಿದ್ದರು. ಅಷ್ಟು ಚಂದದ ನಗುವನ್ನು ನಾನು ಅವರ ಮುಖದಲ್ಲಿ ಕಂಡಿರಲಿಲ್ಲ. ಅವ್ವ ಸುತ್ತ ನೋಡಿ, ಎಂದಿನ ತನ್ನ ಗಡಸು ದನಿಯಲ್ಲಿ ಹೇಳಿದಳು.

"ಏನ ನಿಂತೀರಿ ಕಂಬದಂಗ? ಹೆಸರ ಹೇಳ್ಯಾರ. ದಾರಿ ಬಿಡ್ರಿ."